ಯೇಸುಸ್ವಾಮಿಗೆ ಬೆಲ್ಲ-ನೀರು

"ಗುರುಗಳೇ, ಪೂಜೆಯ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ಸುಮ್ಮನಿರಿಸುವುದು ಹೇಗೆ?" ಎಂದು ಫಾತಿರಾಜ ಕೇಳಿದ.

ಅವನು ಗುರುದೀಕ್ಷೆ ಪಡೆದು ಪಾದ್ರಿಯಾಗಿ ಇನ್ನೂ ಒಂದು ವಾರವೂ ಕಳೆದಿರಲಿಲ್ಲ. ತಾನು ನೋಡಿಕೊಳ್ಳಬೇಕಾದ ಮೊದಲ ಧರ್ಮಕೇಂದ್ರಕ್ಕೆ ಹೊರಟು ನಿಂತಿದ್ದ. ಹೊರಡುವ ಮುನ್ನ ತನಗೆ ಪಾಠ ಹೇಳಿದ ಚೌರಪ್ಪ ಗುರುಗಳಿಗೆ ನಮಸ್ಕಾರ ಮಾಡಲು ಬಂದಿದ್ದ. "ಅಲ್ಲಿನ ಜನ ಒಳ್ಳೆಯವರಂತೆ. ಆದರೆ ಮಕ್ಕಳ ಗಲಾಟೆಯಲ್ಲಿ ಪಾದ್ರಿಗಳ ಪ್ರಬೋಧನೆಯ ಒಂದು ಮಾತೂ ಕಿವಿಗೆ ಬೀಳುವುದಿಲ್ಲವಂತೆ," ಎಂದ.

ಚೌರಪ್ಪ ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಒಬ್ಬ ಉಪದೇಶಿ ಇದ್ದ. ಆ ಊರಿಗೆ ಪಾದ್ರಿಗಳು ತಿಂಗಳಿಗೊಮ್ಮೆ ಬಂದು ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಮಾಡಿ ಹೋಗುವರು. ಉಳಿದ ದಿನಗಳಲ್ಲಿ ಜನರಿಗೆ ಜಪ ಹೇಳಿಕೊಡುವುದು, ಮಕ್ಕಳಿಗೆ ಧರ್ಮಪಾಠ ಕಲಿಸುವುದು, ಚರ್ಚನ್ನು ನೋಡಿಕೊಳ್ಳುವುದು ಉಪದೇಶಿಯ ಕೆಲಸ. ನಿಷ್ಠೆಯ ಮನುಷ್ಯ. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು, ಯಾವ ಹಾಡನ್ನು ಯಾವ ಧಾಟಿಯಲ್ಲಿ ಎತ್ತಿಕೊಳ್ಳಬೇಕು, ಎಲ್ಲವೂ ಅವನ ಅಂಗೈಯಲ್ಲಿತ್ತು. ಪೂಜೆಯ ನಡುವೆ ಯಾರಾದರೂ ಕೆಮ್ಮಿದರೆ ತಿರುಗಿ ನೋಡುವನು. ಆ ನೋಟಕ್ಕೆ ಹೆದರಿ ಊರಿನವರು ಕೆಮ್ಮನ್ನೂ ನುಂಗಿಕೊಂಡು ಕೂರುವರು.

ತಡವಾಗಿ ಮದುವೆಯಾದ ಅವನಿಗೆ ಒಬ್ಬಳೇ ಮಗಳು. ಹೆಸರು ಲೂರ್ದು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ವಯಸ್ಸು.

ಆ ವರ್ಷ ಊರಿನವರು ಹೊಸ ಚರ್ಚು ಕಟ್ಟಿದರು. ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದ ಮರು ಭಾನುವಾರ ಅದನ್ನು ಆಶೀರ್ವದಿಸಲು ಪಾದ್ರಿಗಳಿಗೆಲ್ಲ ಹಿರಿಯರಾದ ಧರ್ಮಾಧ್ಯಕ್ಷರೇ ಬರುತ್ತಾರೆಂದು ಸುದ್ದಿ ಬಂತು. ಅಷ್ಟು ದೊಡ್ಡವರು ಆ ಊರಿಗೆ ಹಿಂದೆಂದೂ ಕಾಲಿಟ್ಟಿರಲಿಲ್ಲ. ಊರಿಗೆ ಊರೇ ಸುಣ್ಣ ಬಳಿದುಕೊಂಡಿತು. ಉಪದೇಶಿಗೆ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಎಲ್ಲಿ ಏನು ತಪ್ಪುತ್ತದೋ ಎಂಬ ಒಂದೇ ಚಿಂತೆ. ಕೊನೆಗೆ ಜನರನ್ನು ಸೇರಿಸಿ ಹೇಳಿದ: "ಚಿಕ್ಕ ಮಕ್ಕಳು ಯಾರೂ ಒಳಗೆ ಬರುವಂತಿಲ್ಲ. ಪೂಜೆ ಮುಗಿಯುವ ತನಕ ಅಂಗನವಾಡಿಯಲ್ಲಿ ಇರಲಿ." ತಾಯಂದಿರು ಗೊಣಗಿದರು. ಆದರೆ ಅವನಿಗೆ ಎದುರು ಹೇಳುವವರು ಯಾರು? ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಅಜ್ಜಿಯನ್ನು ಗೊತ್ತು ಮಾಡಿದರು.

ಹಿಂದಿನ ದಿನ ಸಂಜೆ ಉಪದೇಶಿ ತನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಲೂರ್ದು ಬಂದು ಪಕ್ಕದಲ್ಲಿ ನಿಂತಳು.

"ಅಪ್ಪಾ, ನಾಳೆ ಯಾರು ಬರ್ತಾರೆ?"

ಧರ್ಮಾಧ್ಯಕ್ಷರು ಎನ್ನಬೇಕೆಂದಿದ್ದ. ಆದರೆ ಪಾಠ ಹೇಳಿ ಹೇಳಿ ಅಭ್ಯಾಸವಾದ ನಾಲಿಗೆ. "ಪೂಜೆಗೆ ಯಾರು ಬರ್ತಾರೆ ಅಂತ ಹೇಳ್ಕೊಟ್ಟಿಲ್ವೇನೇ? ಯೇಸುಸ್ವಾಮಿ," ಎಂದ.

"ನಿಜವಾಗ್ಲೂ ಬರ್ತಾರಾ?"

"ನಿಜವಾಗ್ಲೂ."

"ನಮ್ಮೂರಿಗೆ?"

"ನಮ್ಮೂರಿಗೇ," ಎಂದು ಉಪದೇಶಿ ಅಂಗಿಯ ಕಾಲರು ತಿರುಗಿಸಿದ. ಅವನು ತಲೆ ಎತ್ತುವಷ್ಟರಲ್ಲಿ ಲೂರ್ದು ಬೀದಿಯಲ್ಲಿದ್ದಳು. ದೀಪ ಹಚ್ಚುವ ಹೊತ್ತಿಗೆ ಊರಿನ ಮಕ್ಕಳಿಗೆಲ್ಲ ಸುದ್ದಿ ಮುಟ್ಟಿತ್ತು. ದೊಡ್ಡವರು ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರಿಗೆ ಅವರದೇ ಗಡಿಬಿಡಿ.

ಬೆಳಿಗ್ಗೆ ಧರ್ಮಾಧ್ಯಕ್ಷರು ಬಂದರು. ಪೂಜೆ ಶುರುವಾಯಿತು. ಎಲ್ಲರೂ ಒಟ್ಟಿಗೆ ಎದ್ದರು, ಒಟ್ಟಿಗೆ ಕೂತರು. ಒಂದು ಸ್ವರ ಆಚೀಚೆಯಾಗಲಿಲ್ಲ. ಉಪದೇಶಿ ಬಾಗಿಲ ಬಳಿ ನಿಂತು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಬೀದಿಯ ಕಡೆಯಿಂದ ಸದ್ದು ಕೇಳಿಸಿತು.

ಮಕ್ಕಳು ಓಡಿ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಲೂರ್ದು. ಅವಳ ಎರಡೂ ಕೈಯಲ್ಲಿ ನೀರು ತುಂಬಿದ ಚೊಂಬು. ಅರ್ಧ ನೀರು ಅವಳ ಲಂಗದ ಮೇಲಿತ್ತು. ಹಿಂದೆ ಬಂದವರ ಮುಷ್ಟಿಯಲ್ಲಿ ಬೆಲ್ಲದ ಚೂರು. ಒಬ್ಬನ ತಲೆಯ ಮೇಲೆ ಚಾಪೆ, ಇನ್ನೊಬ್ಬಳ ಕೈಯಲ್ಲಿ ಬೀಸಣಿಗೆ. ಒಬ್ಬ ಹುಡುಗ ಕಂಕುಳಲ್ಲಿ ಕೋಳಿ ಇರುಕಿಕೊಂಡಿದ್ದ. ಅವರನ್ನು ಹಿಡಿಯಬೇಕಾಗಿದ್ದ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಅವರ ಜೊತೆಗೇ ಓಡಿ ಬರುತ್ತಿದ್ದಳು.

ಉಪದೇಶಿ ಬಾಗಿಲಿಗೆ ಅಡ್ಡ ನಿಂತು ಹಲ್ಲು ಕಚ್ಚಿ, "ಹೊರಗೆ! ಎಲ್ಲರೂ ಹೊರಗೆ!" ಎಂದ.

ಲೂರ್ದು ಏದುಸಿರು ಬಿಡುತ್ತ ಗಟ್ಟಿಯಾಗಿ ಕೇಳಿದಳು: "ಅಪ್ಪಾ, ಯೇಸುಸ್ವಾಮಿ ಬಂದ್ರಾ? ನಮಗೆ ತಡ ಆಯ್ತಾ?"

ಚರ್ಚು ತುಂಬಿದ್ದ ಜನ ಒಮ್ಮೆಲೇ ಹಿಂತಿರುಗಿದರು. ಪೀಠದ ಬಳಿ ಧರ್ಮಾಧ್ಯಕ್ಷರೂ ಪ್ರಾರ್ಥನೆ ನಿಲ್ಲಿಸಿ ನೋಡಿದರು. ಉಪದೇಶಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ಮಗಳನ್ನು ಎತ್ತಿ ಆಚೆ ಬಿಟ್ಟು ಬಾಗಿಲು ಹಾಕಲು ಅರೆಕ್ಷಣ ಸಾಕಾಗಿತ್ತು. ಆದರೆ ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಈಗ ಅವಳನ್ನು ಹೊರಗೆ ಕಳಿಸಿದರೆ ನಿನ್ನೆ ಹೇಳಿದ್ದು ಸುಳ್ಳಾಗುತ್ತದೆ. ನಿನ್ನೆಯದಷ್ಟೇ ಅಲ್ಲ, ಇಷ್ಟು ವರ್ಷ ಹೇಳಿದ್ದೆಲ್ಲವೂ ಸುಳ್ಳಾಗುತ್ತದೆ.

ಅವನು ಬಗ್ಗಿ ಹೇಳಿದ: "ಇನ್ನೂ ಬಂದಿಲ್ಲ ಕಂದಾ. ಇನ್ನೇನು ಬರ್ತಾರೆ. ಗಂಟೆ ಹೊಡೀತಾರಲ್ಲ, ಆವಾಗ."

ಧರ್ಮಾಧ್ಯಕ್ಷರು ಕೈ ನೀಡಿ ಪೀಠದ ಮುಂದಿನ ಜಾಗ ತೋರಿಸಿದರು. ಮಕ್ಕಳು ನಡುದಾರಿಯಲ್ಲಿ ನುಗ್ಗಿ ಹೋಗಿ ಅಲ್ಲಿ ಚಾಪೆ ಹಾಸಿದರು. ಆದರೆ ಅದರ ಮೇಲೆ ಯಾರೂ ಕೂರಲಿಲ್ಲ. ಅದು ಬರುವವರಿಗೆ.

ಪೂಜೆ ಮುಂದುವರಿಯಿತು. ಮಕ್ಕಳು ತುದಿಗಾಲಲ್ಲಿ ನಿಂತು ಕತ್ತು ಉದ್ದ ಮಾಡಿದರು. "ಈಗ್ಲಾ?" ಎಂದು ಒಬ್ಬ. "ಇಲ್ಲ, ಇನ್ನೂ ಗಂಟೆ ಹೊಡ್ದಿಲ್ಲ," ಎಂದು ಇನ್ನೊಬ್ಬಳು. ಅವರನ್ನು ನೋಡುತ್ತ ನೋಡುತ್ತ ಹಿಂದಿನ ಸಾಲುಗಳಲ್ಲಿ ಹೆಂಗಸರು ಕತ್ತು ನೀಡಿದರು. ಗಂಡಸರು ಮುಂದಕ್ಕೆ ಬಾಗಿದರು. ಉಪದೇಶಿಯ ಎದೆ ಹೊಡೆದುಕೊಳ್ಳತೊಡಗಿತು. ಲೂರ್ದು ಹುಟ್ಟುವಾಗ ಆಸ್ಪತ್ರೆಯ ಬಾಗಿಲ ಹೊರಗೆ ನಿಂತಿದ್ದ ದಿನ ಅದು ಹೀಗೆ ಹೊಡೆದುಕೊಂಡಿತ್ತು. ಪೂಜೆಯಲ್ಲಿ ಎಂದೂ ಹೊಡೆದುಕೊಂಡಿರಲಿಲ್ಲ.

ಪೂಜೆಯಲ್ಲಿ ಯೇಸುವಿನ ಶರೀರವಾಗುವ ರೊಟ್ಟಿಯನ್ನು ಧರ್ಮಾಧ್ಯಕ್ಷರು ಎತ್ತಿ ಹಿಡಿದರು. ಗಂಟೆ ಮೊಳಗಿತು.

"ಬಂದ್ರು! ಬಂದ್ರು!" ಎಂದು ಲೂರ್ದು ಕೂಗಿದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ಕುಣಿದರು. ಕೋಳಿ ಕೈತಪ್ಪಿ ಹಾರಿತು. ಅದರತ್ತ ಒಬ್ಬರೂ ನೋಡಲಿಲ್ಲ. "ನನ್ನ ಪ್ರಭುವೇ, ನನ್ನ ದೇವರೇ" ಎಂದು ಪ್ರತಿ ಪೂಜೆಯಲ್ಲೂ ತುಟಿಯೊಳಗೇ ಗುನುಗುತ್ತಿದ್ದ ಜನ ಆ ದಿನ ಮಾಡು ಹಾರುವಂತೆ ಕೂಗಿದರು.

ಆ ರೊಟ್ಟಿಯನ್ನು ಪರಮಪ್ರಸಾದವಾಗಿ ಸ್ವೀಕರಿಸುವ ಹೊತ್ತು ಬಂತು. ಎಲ್ಲರೊಂದಿಗೆ ಉಪದೇಶಿಯೂ ಹೋಗಿ ಸ್ವೀಕರಿಸಿದ. ಕೈಮುಗಿದು, ಕಣ್ಣು ತಗ್ಗಿಸಿ ಹಿಂತಿರುಗುತ್ತಿದ್ದವನ ದಾರಿಗೆ ಲೂರ್ದು ಅಡ್ಡ ನಿಂತಳು.

"ಅಪ್ಪಾ, ಯೇಸುಸ್ವಾಮಿ ಈಗ ಎಲ್ಲಿದಾರೆ?"

ಅವನು ತನ್ನ ಎದೆ ಮುಟ್ಟಿ ತೋರಿಸಿದ.

"ಹಂಗಾದ್ರೆ ಬಾಯಿ ತೆಗಿ."

ಅವನು ಬಾಯಿ ತೆರೆದ. ಅವಳು ಪಕ್ಕದವನ ಕೈಯಿಂದ ಬೆಲ್ಲದ ಚೂರು ತೆಗೆದು ಒಳಗಿಟ್ಟಳು. ಆಮೇಲೆ ಚೊಂಬು ಎತ್ತಿ ಹಿಡಿದು, "ನೀರೂ ಕುಡೀಲಿ. ದೂರದಿಂದ ಬಂದಿದಾರೆ," ಎಂದಳು.

ಉಪದೇಶಿ ಮಗಳ ಮುಂದೆ ಮೊಣಕಾಲೂರಿ ಕುಡಿದ. ನೀರು ಇಸ್ತ್ರಿಯ ಅಂಗಿಯ ಮೇಲೆಲ್ಲ ಇಳಿಯಿತು. ಅವನಿಗೆ ನಗು ಬಂತು. ನಗುನಗುತ್ತಲೇ ಕಣ್ಣು ತುಂಬಿತು. ಅದನ್ನು ಕಂಡದ್ದೇ ತಡ, ಉಳಿದ ಮಕ್ಕಳೂ ಪ್ರಸಾದ ಪಡೆದು ಬರುವವರ ಕಡೆಗೆ ಓಡಿದರು. "ಬಾಯಿ ತೆಗಿ ಅತ್ತೆ!" "ಬಗ್ಗು ತಾತ!" ಸಿಕ್ಕ ಸಿಕ್ಕವರ ಬಾಯಿಗೆ ಬೆಲ್ಲ ಬಿತ್ತು. ಧರ್ಮಾಧ್ಯಕ್ಷರು ತಾವೇ ಬಗ್ಗಿ ಬಾಯಿ ತೆರೆದರು.

ಕೊನೆಯ ಹಾಡನ್ನು ಎತ್ತಿಕೊಳ್ಳಬೇಕಾದವನು ಉಪದೇಶಿ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಡು ಶುರು ಮಾಡಿದ. ಧಾಟಿ ತಪ್ಪಿತು. ಅವನು ನಿಲ್ಲಿಸಲಿಲ್ಲ, ಜನರೂ ನಿಲ್ಲಿಸಲಿಲ್ಲ. ಹಾಡು ಮುಗಿದರೆ ಮತ್ತೆ ಮೊದಲಿನಿಂದ ಹಾಡಿದರು. ಧರ್ಮಾಧ್ಯಕ್ಷರಿಗೆಂದು ಮಾಡಿದ ಅಡುಗೆ ಆರಿಹೋಯಿತು. ಮನೆಗೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ.

ಮುಂದಿನ ತಿಂಗಳ ಪೂಜೆಗೆ ಉಪದೇಶಿ ಬೆಳಗಾಗುತ್ತಲೇ ಮನೆಮನೆಗೆ ಹೋಗಿ, "ಮಕ್ಕಳನ್ನು ಬೇಗ ಕರ್ಕೊಂಡು ಬನ್ನಿ, ಮುಂದೆ ಜಾಗ ಇಟ್ಟಿದ್ದೀನಿ," ಎಂದು ಕರೆದ.

ಕತೆ ಅಲ್ಲಿಗೆ ಮುಗಿಯಿತು. ಫಾತಿರಾಜ ನಗುತ್ತಿದ್ದ. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ಮಕ್ಕಳನ್ನು ಸುಮ್ಮನಿರಿಸುವ ಬಗೆ ಯಾವುದೆಂದು ತಾವು ಹೇಳಲಿಲ್ಲ," ಎಂದ.

"ಹೇಳುತ್ತೇನೆ," ಎಂದರು ಚೌರಪ್ಪ ಗುರುಗಳು. "ಯೇಸುಸ್ವಾಮಿ ಕಣ್ಣೆದುರಿಗೇ ಬಂದರೂ ನಾವು ದೊಡ್ಡವರು ಇಷ್ಟು ಸುಮ್ಮನೆ ಕೂರುವುದನ್ನು ಎಲ್ಲಿ ಕಲಿತೆವು, ಅದನ್ನು ಮೊದಲು ನೀನು ನನಗೆ ಹೇಳು."