ಗೆಂಡೆ ಮೀನಿನ ಮೈಯಲ್ಲಿ ಸಿಗದ ಹಾರ್ಮೋನು

ಪ್ರಯೋಗಾಲಯದ ಇಲಿಯೊಂದು ತನ್ನ ಮೈಯಲ್ಲಿರುವಂಥ ಹಾರ್ಮೋನು ಮೀನಿಗೂ ಇದೆಯೇ ಎಂದು ನೋಡಲು, ಮೈಯೊಳಗನ್ನು ತೋರಿಸುವ ಕನ್ನಡಿ ಹಿಡಿದು ಗೆಂಡೆ ಮೀನಿನ ಗಾಜಿನ ತೊಟ್ಟಿಗೆ ಬಂತು.

"ಹೊಟ್ಟೆ ತುಂಬಿದಾಗ 'ಇನ್ನು ಸಾಕು' ಎಂದು ಹೇಳುವ ಹಾರ್ಮೋನು ಅದು. ಅಲ್ಲಾಡಬೇಡ," ಎಂದಿತು.

ಗೆಂಡೆ ಗಾಜಿಗೆ ಮೈಯೊತ್ತಿ ನಿಂತಿತು. ಇಲಿ ಗಂಟೆಗಟ್ಟಲೆ ಹುಡುಕಿತು. ಹುಡುಕುತ್ತಲೇ, ಗೆಂಡೆಗಾಗಿ ತೊಟ್ಟಿಯ ಅಂಚಿನ ತಟ್ಟೆಯಲ್ಲಿಟ್ಟಿದ್ದ ತೌಡಿನ ಉಂಡೆಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡಿತು.

"ನಿನ್ನಲ್ಲಿ ಅದು ಇಲ್ಲ," ಎಂದಿತು ಕೊನೆಗೆ.

"ಎಲ್ಲಿ ನೋಡಿದಿರಿ, ಪಂಡಿತರೇ?"

"ಕೊಬ್ಬಿನಲ್ಲಿ. ನಮ್ಮಲ್ಲಿ ಅದು ಇರುವುದು ಅಲ್ಲೇ."

"ಮೀನುಗಳಲ್ಲಿ ಅದು ಲಿವರ್‌ನಲ್ಲಿರುತ್ತದಂತೆ, ಅಲ್ಲಿ ಒಮ್ಮೆ ನೋಡಬಹುದಿತ್ತು."

"ನಮ್ಮಲ್ಲಿ ಅಲ್ಲಿರುವುದಿಲ್ಲ. ಮತ್ತೆ ನಿನ್ನಲ್ಲಿ ಯಾಕೆ ನೋಡಲಿ?"

"ಆದರೆ ಬೆಳಗ್ಗೆ ಎರಡು ಉಂಡೆ ತಿಂದ ಮೇಲೆ ನನಗೆ ಸಾಕೆನಿಸಿತು. ಉಳಿದದ್ದನ್ನು ಮುಟ್ಟಲಿಲ್ಲ."

"ಅದು ಸಾಕೆನಿಸಿದ್ದಲ್ಲ. ತಿನ್ನುವುದನ್ನು ಮರೆತಿದ್ದೀಯ, ಅಷ್ಟೇ," ಎಂದು ಇಲಿ ಮತ್ತೊಂದು ಉಂಡೆ ಎತ್ತಿಕೊಂಡಿತು. "ಸಾಕು ಎಂಬುದೇ ತಿಳಿಯದವನ ಕೈಗೆ ಊಟ ಕೊಡುವುದು ಅಪಾಯ. ನಾಳೆಯಿಂದ ನಿನ್ನ ತಟ್ಟೆ ನನ್ನ ಉಸ್ತುವಾರಿಯಲ್ಲಿರುತ್ತದೆ."

ಗೆಂಡೆ ಬರಿದಾಗುತ್ತಿದ್ದ ತಟ್ಟೆಯತ್ತ ನೋಡಿತು. "ತಮ್ಮಲ್ಲಿ ಆ ಹಾರ್ಮೋನು ಧಾರಾಳವಾಗಿದೆಯೇ?" ಎಂದು ಕೇಳಿತು.

"ಕೊಬ್ಬು ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಈ ಪ್ರಯೋಗಾಲಯದಲ್ಲಿ ನನ್ನಷ್ಟು ಯಾರಿಗೂ ಇಲ್ಲ," ಎಂದು ಇಲಿ ಹೊಟ್ಟೆ ಸವರಿಕೊಂಡಿತು. ಆಮೇಲೆ ಬರಿದಾದ ತಟ್ಟೆಯನ್ನು ನೆಕ್ಕಿ, "ಪಕ್ಕದ ತೊಟ್ಟಿಯವರಿಗೂ ಉಂಡೆ ಇಟ್ಟಿದ್ದಾರಾ?" ಎಂದು ಕೇಳಿತು.