ಸುಡುವ ಮುಂಚೆ ಒಂದು ಊಟ

“ಗುರುಗಳೇ, ಮಾಡಬಾರದ ಕೆಲಸವೊಂದು ಯುದ್ಧದಲ್ಲಿ ಅನಿವಾರ್ಯವಾದರೆ, ಅದನ್ನು ಮಾಡುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಶಿಷ್ಯ ಈಗ ಮಠದ ಹುಡುಗನಲ್ಲ. ಹಿಂದೆ ಇಲ್ಲಿ ಓದಿ ಹೋದವನು, ಈಗ ಒಂದು ಸೈನ್ಯದ ನಾಯಕ. ಹೊಳೆಯ ಆಚೆ ಅವನ ಪಾಳೆಯವಿತ್ತು, ಪಾಳೆಯದ ಎದುರಿಗೆ ಒಂದು ಹಳ್ಳಿ. ನಾಳೆ ಆ ಹಳ್ಳಿಗೆ ಬೆಂಕಿ ಇಡುವುದೆಂದು ತೀರ್ಮಾನಿಸಿಯಾಗಿತ್ತು. ಗುರುಗಳ ಆಶೀರ್ವಾದವೂ ಸಿಕ್ಕಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಬಂದಿದ್ದ. ಗುರುಗಳು ಆಶೀರ್ವಾದದ ಮಾತೆತ್ತಲಿಲ್ಲ, ಒಂದು ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ದಳವಾಯಿಯಿದ್ದ. ಶೂರ. ಕೆಟ್ಟವನೇನಲ್ಲ. ಆದರೆ ‘ಅನಿವಾರ್ಯ’ ಎಂಬ ಮಾತು ಅವನ ಬಾಯಿಗೆ ಎಲೆಅಡಿಕೆಯ ಹಾಗೆ ಹತ್ತಿಬಿಟ್ಟಿತ್ತು. ರೈತನ ಎತ್ತು ಹಿಡಿದು ತರಿಸಿದರೆ ಅನಿವಾರ್ಯ. ಮಾವಿನ ತೋಪು ಕಡಿಸಿದರೆ ಅನಿವಾರ್ಯ. ಮಧ್ಯಾಹ್ನ ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಅದೂ ಅನಿವಾರ್ಯವೇ.

ಆ ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ಯುದ್ಧದಲ್ಲಿ ಒಕ್ಕಲ ಮನೆ ಸುಡಬಾರದು. ತೀರಾ ಅನಿವಾರ್ಯವಾದರೆ ಸುಡಬಹುದು. ಆದರೆ ಅಪ್ಪಣೆ ಕೊಡುವವನು ಮೊದಲು ಆ ಮನೆಯಲ್ಲಿ ಕೂತು ಒಂದು ಊಟ ಮಾಡಬೇಕು, ಯಾಕೆ ಸುಡುತ್ತೇನೆಂದು ಬಡಿಸಿದವರಿಗೆ ಹೇಳಬೇಕು, ಕೈತೊಳೆದ ಮೇಲೆ ಇನ್ನೊಮ್ಮೆ ‘ಅನಿವಾರ್ಯ’ ಎನ್ನಬೇಕು. ಹಿಂದಿನ ಕಾಲದ ಒಬ್ಬ ರಾಣಿ ಮಾಡಿದ ಕಟ್ಟಳೆ ಅದು. ದಳವಾಯಿಗಳು ಅದರಿಂದ ನುಣುಚಿಕೊಳ್ಳಲು ಏನೇನೋ ನೋಡಿದರು. ಒಬ್ಬ ಹೊಸ್ತಿಲಲ್ಲಿ ನಿಂತೇ ಬಾಳೆಹಣ್ಣು ತಿಂದು ಊಟವಾಯಿತೆಂದ. ಹಣ್ಣು ಊಟವಲ್ಲ ಎಂದು ಆಸ್ಥಾನ ತೀರ್ಪು ಕೊಟ್ಟಿತು. ಇನ್ನೊಬ್ಬ ಇವತ್ತು ಏಕಾದಶಿ, ನನಗೆ ಉಪವಾಸ ಎಂದ. ಹಾಗಾದರೆ ಬೆಂಕಿಗೂ ಉಪವಾಸ, ದ್ವಾದಶಿಗೆ ನೋಡೋಣ ಎಂದರು. ಕೊನೆಗೆ, ಮಜ್ಜಿಗೆಯವರೆಗೆ ಉಂಡರೆ ಮಾತ್ರ ಊಟ ಎಂದು ನಿಗದಿಯಾಯಿತು.

ನಮ್ಮ ದಳವಾಯಿ ಒಂದು ಮಣ್ಣಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆಯ ಬಾಗಿಲಿಗೂ ಅವನ ಫಿರಂಗಿಗೂ ನಡುವೆ ಗಾಣಿಗರ ಕೇರಿಯಿತ್ತು. ಕೇರಿ ಸುಡುವುದು ಅನಿವಾರ್ಯ ಎಂದ. ಕಾರಕೂನ ಮೆಲ್ಲಗೆ ಕಟ್ಟಳೆಯನ್ನು ನೆನಪಿಸಿದ. ಅಷ್ಟೇ ತಾನೆ, ಹೇಗೂ ಹೊಟ್ಟೆ ಹಸಿದಿದೆ ಎಂದುಕೊಂಡು ದಳವಾಯಿ ಕೇರಿಯ ಮೊದಲ ಮನೆಗೆ ನಡೆದ.

ಅಲ್ಲಿ ಗಾಣಿಗ ತನ್ನ ಗಾಣದ ಕಲ್ಲನ್ನು ತಬ್ಬಿಕೊಂಡು ನಿಂತಿದ್ದ. ತಾತನ ಕಾಲದ ಕಲ್ಲು. ಬೆಂಕಿ ಬಿದ್ದರೆ ಸೀಳಿಹೋಗುತ್ತದೆ, ಆಮೇಲೆ ಆ ಮನೆಗೆ ಅನ್ನವಿಲ್ಲ. ಅವನ ಹೆಂಡತಿಗೂ ಹೆದರಿಕೆಯಿತ್ತು. ಆದರೆ ಉಣ್ಣಲು ಬಂದವರನ್ನು ಕಾಯಿಸುವುದು ಆಕೆಗೆ ಗೊತ್ತಿರಲಿಲ್ಲ. ಮುದ್ದೆ, ಹುರುಳಿ ಸಾರು, ಹುಚ್ಚೆಳ್ಳಿನ ಚಟ್ನಿ, ಮೇಲೆ ಆಗ ತಾನೇ ತೆಗೆದ ಎಣ್ಣೆ. ದಳವಾಯಿ ನಡುಕಟ್ಟು ಸಡಿಲಿಸಿ ಉಂಡ. ಬೇಡ ಬೇಡ ಎನ್ನುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಆಮೇಲೆ ಮಜ್ಜಿಗೆ ಕೇಳಿದ.

“ಮಜ್ಜಿಗೆ ಎಲ್ಲಿಂದ ತರ್ಲಿ ಸ್ವಾಮಿ? ಬೆಳಿಗ್ಗೆ ನಿಮ್ಮ ಜನ ಎಮ್ಮೆ ಹೊಡ್ಕೊಂಡು ಹೋದ್ರಲ್ಲ. ಯಾಕ್ರಪ್ಪಾ ಅಂದ್ರೆ ಅನಿವಾರ್ಯ ಅಂದ್ರು.”

ದಳವಾಯಿ ಕಾರಕೂನನ ಮುಖ ನೋಡಿದ. ಕಾರಕೂನ ಸೂರು ನೋಡಿದ. ಮಜ್ಜಿಗೆಯಿಲ್ಲದೆ ಊಟ ಮುಗಿಯದು, ಊಟ ಮುಗಿಯದೆ ಕೈತೊಳೆಯುವಂತಿಲ್ಲ, ಕೈತೊಳೆಯದೆ ಬೆಂಕಿ ಇಡುವಂತಿಲ್ಲ. ಎಮ್ಮೆ ತರಲು ಸಿಪಾಯಿಯೊಬ್ಬನನ್ನು ಓಡಿಸಿ, ದಳವಾಯಿ ಎಂಜಲ ಕೈಯನ್ನು ಎತ್ತಿ ಹಿಡಿದುಕೊಂಡು ಕೂತ. ಕೈ ಒಣಗುತ್ತಾ ಬಂತು.

“ಅಲ್ಲ ಸ್ವಾಮಿ, ಸುಡೋದು ಯಾಕೆ ಅಂತ ಹೇಳ್ಲೇ ಇಲ್ವಲ್ಲ?” ಎಂದಳು ಗಾಣಿಗನ ಹೆಂಡತಿ.

“ನಮ್ಮ ಫಿರಂಗಿಗೆ ಕೋಟೆ ಬಾಗಿಲು ಕಾಣಿಸ್ತಿಲ್ಲ ತಾಯಿ. ಕೇರಿ ಅಡ್ಡ ಬರ್ತದೆ.”

“ಇಡೀ ಕೇರಿನಾ?”

ದಳವಾಯಿ ಬಾಗಿಲಾಚೆ ಇಣುಕಿದ. “ಇಡೀ ಕೇರಿ ಅಂತಲ್ಲ. ಈ ಸಾಲು.”

“ಪಕ್ಕದ ಮನೆಗಳೆಲ್ಲ ತಗ್ಗು. ನಾಯಿ ನಿಂತ್ರೆ ಸೂರು ತಾಗ್ತದೆ. ಅವು ಎಂಥ ಅಡ್ಡ?”

“ಸರಿ, ನಿಮ್ಮದೊಂದೇ.”

“ನಮ್ಮದರಲ್ಲಿ ಯಾವುದು ಅಡ್ಡ? ಗೋಡೆನಾ, ಗಾಣನಾ, ನಾನಾ?”

ದಳವಾಯಿ ಎದ್ದ. ಎಂಜಲ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಅಡ್ಡವಿದ್ದದ್ದು ಕೊಟ್ಟಿಗೆಯ ಹುಲ್ಲಿನ ಸೂರು. ಅದನ್ನು ಹೇಳುವಾಗ ಅವನ ದನಿ ಸಣ್ಣಗಾಗಿತ್ತು.

“ಅಷ್ಟಕ್ಕಾ! ಆ ಹುಲ್ಲು ಕೊಳೆತು ಯಾವ ಕಾಲ ಆಯ್ತು. ಬದಲಾಯ್ಸು ಅಂತ ಈವಯ್ಯಂಗೆ ಹೇಳಿ ಹೇಳಿ ಸಾಕಾಗಿತ್ತು. ಏ, ಆ ಕಲ್ಲು ಬಿಟ್ಟು ಏಣಿ ತಗೊಂಡ್ ಬಾ!” ಎಂದು ಆಕೆ ಗಂಡನನ್ನು ಕೂಗಿದಳು.

ದಳವಾಯಿಗೆ ಇನ್ನೂ ಸ್ವಲ್ಪ ಪೌರುಷ ಉಳಿದಿತ್ತು. “ಅಲ್ಲ ತಾಯಿ, ನೀವು ಕೋಟೆಯವರಿಗೆ ರಾಗಿ ಕೊಡ್ತಿದ್ದೀರಿ ಅಂತ ಸುದ್ದಿ ಇದೆ. ಅದನ್ನ ತಡೆಯೋಕಾದರೂ ಸುಡೋದು ಅನಿವಾರ್ಯ.”

“ಕೊಟ್ಟಿದ್ದಲ್ಲ ಸ್ವಾಮಿ, ಅವರೇ ಹೊತ್ಕೊಂಡು ಹೋಗಿದ್ದು. ಅವರೂ ಅನಿವಾರ್ಯ ಅಂತಲೇ ಅಂದ್ರು. ಅದೇನು, ನಿಮ್ಮಿಬ್ಬರಿಗೂ ಒಬ್ಬರೇ ಐಗಳು ಪಾಠ ಹೇಳಿದ್ರಾ?”

ಕಾರಕೂನ ಕೆಮ್ಮಿದ. ನಗು ಬಂದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು. ಅಷ್ಟರಲ್ಲಿ ಸಿಪಾಯಿ ಏದುಸಿರು ಬಿಡುತ್ತ ಎಮ್ಮೆ ತಂದು ಕಟ್ಟಿದ. ದಳವಾಯಿ ಎಲೆಯ ಮುಂದೆ ಹೋಗಿ ಕೂತ.

“ಎಮ್ಮೆ ಬಂದ್ರೆ ಮಜ್ಜಿಗೆ ಬಂತಾ? ಕರೀಬೇಕು, ಕಾಯಿಸ್ಬೇಕು, ಹೆಪ್ಪು ಹಾಕ್ಬೇಕು. ನಾಳೆ ಬನ್ನಿ,” ಎಂದಳು ಆಕೆ.

ದಳವಾಯಿ ಕೈತೊಳೆಯದೆ ಪಾಳೆಯಕ್ಕೆ ಮರಳಿದ. ಸಂಜೆಯೆಲ್ಲ ಎಡಗೈಯಲ್ಲೇ ಮೀಸೆ ತಿರುವಿದ, ಎಡಗೈಯಲ್ಲೇ ಅಪ್ಪಣೆಗಳನ್ನು ಕೊಟ್ಟ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮರುದಿನ ಕೊಟ್ಟಿಗೆಯ ಸೂರು ಬೋಳಾಗಿತ್ತು. ಫಿರಂಗಿಯ ಬಳಿ ನಿಂತರೆ ಕೋಟೆಯ ಬಾಗಿಲು ಅಗುಳಿಯ ಸಮೇತ ಕಾಣುತ್ತಿತ್ತು. ದಳವಾಯಿ ಗಾಣಿಗನ ಮನೆಗೆ ಬಂದಾಗ ಕೇರಿಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು, ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಅಂಗಳದಲ್ಲಿ ನಿಂತಿದ್ದರು. ಕಟ್ಟಳೆಯ ಮಾತು ಇನ್ನೂ ಬಾಕಿಯಿದೆ ಎಂದು ಅವರಿಗೆ ಗೊತ್ತಿತ್ತು. ಗಾಣಿಗ ಮತ್ತೆ ಕಲ್ಲಿನ ಹತ್ತಿರ ಹೋಗಿ ನಿಂತಿದ್ದ. ದಳವಾಯಿ ಅನ್ನಕ್ಕೆ ಮಜ್ಜಿಗೆ ಕಲಸಿ ಉಂಡ. ಆಕೆ ನೀರು ಹಾಕಿದಳು, ಕೈತೊಳೆದ.

“ಈಗ ಆ ಮಾತು ಹೇಳಬೇಕು, ಬುದ್ಧಿ,” ಎಂದ ಕಾರಕೂನ.

ದಳವಾಯಿ ಬಾಯಿ ತೆರೆದ. ಎಂದೂ ಕೈಕೊಡದ ಮಾತು ಅವತ್ತು ಹೊರಗೆ ಬರಲಿಲ್ಲ. ಅವನಿಗೆ ನಾಚಿಕೆಯಾಯಿತು. ಆಕೆ ತಂಬಿಗೆ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು.

“ಮಜ್ಜಿಗೆಗೆ ಉಪ್ಪು ಸ್ವಲ್ಪ ಹೆಚ್ಚಾಯ್ತು,” ಎಂದಷ್ಟೇ ಹೇಳಿ ದಳವಾಯಿ ಹೊರಟುಹೋದ. ಕೇರಿಯವರು ಗಂಟುಗಳನ್ನು ಕೆಳಗಿಳಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೊಟ್ಟೆ ತುಂಬ ನಕ್ಕ. ನಕ್ಕು ಮುಗಿದ ಮೇಲೆ ಕತ್ತಿಯನ್ನು ಸರಿಪಡಿಸಿಕೊಂಡು ಎದ್ದು ನಿಂತ.

“ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಮ್ಮ ಸೈನ್ಯದಲ್ಲಿ ಅಂಥ ಕಟ್ಟಳೆಯಿಲ್ಲ.”

“ಇಲ್ಲದಿದ್ದರೆ ಬೇಡ ಬಿಡು,” ಎಂದರು ಗುರುಗಳು, “ನಾಳೆ ಮಧ್ಯಾಹ್ನ ಯಾರ ಮನೆಯಲ್ಲಿ ಉಣ್ಣುತ್ತೀಯೆ?”