ಸುಣ್ಣದ ಗೆರೆಯ ಮನೆ

ಸುನಂದಾ ಹಾವನೂರ ಗೃಹಮಂಡಳಿಯಲ್ಲಿ ಇಪ್ಪತ್ತಾರು ವರ್ಷ ಬಡವರ ಮನೆಗಳಿಗೆ ನಕ್ಷೆ ಬರೆದವರು. ಒಂದು ಬೆಳಿಗ್ಗೆ ಅಧ್ಯಕ್ಷ ರುದ್ರಮುನಿ ಅವರನ್ನು ಕರೆಸಿ, "ಪಟ್ಟಿಯಲ್ಲಿ ಅರವತ್ತು ಕುಟುಂಬ ಇವೆ. ನಿಮ್ಮ ನಕ್ಷೆಯಲ್ಲಿ ನಲವತ್ತೇ ಮನೆ. ಅದೇ ಜಾಗದಲ್ಲಿ ಅರವತ್ತು ಕೂರಿಸಿ. ಬಡವರಿಗೆ ಹೊಂದ್ಕೊಂಡು ಇರೋದು ಗೊತ್ತು" ಎಂದರು.

ವಾದಕ್ಕಿಳಿದರೆ ನಕ್ಷೆ ಬೇರೆಯವರ ಕೈಗೆ ಹೋಗುತ್ತದೆಂದು ಸುನಂದಾ ಬಲ್ಲರು. "ಆಗಲಿ ಸರ್. ನಾಳೆ ಜಾಗದಲ್ಲೇ ತೋರಿಸ್ತೀನಿ, ಊಟವೂ ಅಲ್ಲೇ" ಎಂದರು.

ಮರುದಿನ ಶಾಮಿಯಾನದ ಕೆಳಗೆ, ನೆಲದ ಮೇಲೆ, ಸುಣ್ಣದ ಪುಡಿಯಲ್ಲಿ, ಅರವತ್ತು ಕೂರಿಸಿದರೆ ಒಂದಕ್ಕೆ ಸಿಗುವ ಅಳತೆಗೆ ಸರಿಯಾಗಿ, ಒಂದು ಮನೆ ಬರೆದಿತ್ತು. ಒಳಗೆ ಮಂಚ, ಒಲೆ, ನೀರಿನ ಡ್ರಮ್ಮು, ಐದು ಬಾಳೆಲೆ. ಅಧ್ಯಕ್ಷರೂ ನಾಲ್ವರು ಇಂಜಿನಿಯರುಗಳೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಸಾರು ಬಡಿಸುವಷ್ಟರಲ್ಲಿ ಅಧ್ಯಕ್ಷರ ಕಾಲು ಜೋಮು ಹಿಡಿಯಿತು. ಮೆಲ್ಲಗೆ ಸುಣ್ಣದ ಗೆರೆಯಾಚೆ ಚಾಚಿದರು.

"ಸರ್, ನಿಮ್ಮ ಕಾಲು ಪಕ್ಕದ ಮನೆಯವರ ಒಲೆ ಮೇಲಿದೆ" ಎಂದರು ಸುನಂದಾ.

ಇಂಜಿನಿಯರುಗಳು ನಗು ನುಂಗಿಕೊಂಡರು. ಅಧ್ಯಕ್ಷರು ಕಾಲೆಳೆದುಕೊಂಡು ಸುತ್ತ ನೋಡಿದರು.

"ವಯಸ್ಸಾದ ತಾಯಿ ಇದ್ದರೆ ಎಲ್ಲಿ ಮಲಗ್ತಾರೆ?"

"ಆ ಜಾಗ ನನಗೂ ಸಿಗಲಿಲ್ಲ ಸರ್."

ಅಧ್ಯಕ್ಷರು ಊಟ ಮುಗಿಸಿದರು. ಕೈ ತೊಳೆಯುತ್ತಾ, "ನಲವತ್ತೇ ಇರಲಿ. ಆದರೆ ಉಳಿದ ಇಪ್ಪತ್ತು ಕುಟುಂಬ ಎಲ್ಲಿಗೆ ಹೋಗಬೇಕು?" ಎಂದರು. ಈಗ ದನಿಯಲ್ಲಿ ಗತ್ತಿರಲಿಲ್ಲ.

ಸುನಂದಾ ರಸ್ತೆಯಾಚೆ ಬೇಲಿ ಹಾಕಿದ್ದ ಖಾಲಿ ಜಾಗ ತೋರಿಸಿದರು. ಮಂಡಳಿಯ ಅತಿಥಿಗೃಹಕ್ಕೆಂದು ಅಧ್ಯಕ್ಷರೇ ಕಾದಿರಿಸಿದ್ದ ಜಾಗ ಅದು.

ರುದ್ರಮುನಿ ಒದ್ದೆ ಕೈ ಒರೆಸಿಕೊಂಡರು.

"ಅತಿಥಿಗಳು ಎರಡು ದಿನ ಇದ್ದು ಹೋಗೋರು" ಎಂದರು. "ಲಾಡ್ಜಿನಲ್ಲಿ ಇರಲಿ ಬಿಡಿ."